ಅವ್ವನ ಪಕ್ಕದ ಸೀಟು

ಜನವರಿ 20, 2025, ಸೋಮವಾರ

ಈ ಪುಸ್ತಕ ಡಾಕ್ಟರಮ್ಮನ ಮಾತಿಗೆ ತಂದದ್ದು. ಬಿಪಿ ನೋಡಿ ಹುಬ್ಬೇರಿಸಿ, ಮಾತ್ರೆ ಬರೆದುಕೊಟ್ಟು, ಆಮೇಲೆ ಹೇಳಿದರು: "ದಿನಾ ಅರ್ಧ ಪುಟ ಬರೀರಿ ಗೋವರ್ಧನ. ಅವತ್ತು ಏನಾಯ್ತೋ ಅಷ್ಟೇ. ನಾಳೆ ಏನು ಮಾಡ್ಬೇಕು ಅನ್ನೋದನ್ನ ಮಾತ್ರ ಬರೀಬೇಡಿ." ನಗು ಬಂತು. ಇಪ್ಪತ್ತು ವರ್ಷ ಎಣ್ಣೆ ಮಿಲ್ಲಿನಲ್ಲಿ ದುಡಿದವನು ನಾಳೆಯನ್ನು ಬಿಟ್ಟು ಇನ್ನೇನು ಬರೆಯಬೇಕು?

ಇವತ್ತು ಆದದ್ದು: ಎಣ್ಣೆ ಶುದ್ಧ ಮಾಡುವ ಹೊಸ ಘಟಕಕ್ಕೆ ಪೈಪು ಬಂದವು. ಎರಡರ ಅಳತೆ ತಪ್ಪಿದೆ. ಯುಗಾದಿಯ ದಿನ ಘಟಕ ಓಡಲೇಬೇಕು ಎಂದು ನಾಗೇಂದ್ರಪ್ಪನವರು ಊರಿಗೆಲ್ಲ ಹೇಳಿಕೊಂಡು ಬಂದಿದ್ದಾರೆ. ಮಾಲೀಕರು ಅವರು, ಹೇಳಿಕೊಳ್ಳುತ್ತಾರೆ. ಓಡಿಸಬೇಕಾದವನು ನಾನು.

ಬೆಳಿಗ್ಗೆ ಹೊರಡುವಾಗ ಅವ್ವ ಬಾಗಿಲಿಗೆ ಬಂದಳು. "ನಾಯ್ನಾ, ಮೊಳಕಾಲ್ಮುರಿಗೆ ಹೋಗಿ ಹುಚ್ಚಕ್ಕನ್ನ ನೋಡ್ಕಂಡು ಬರಾಣೇನೋ? ಯಾಕೋ ಅಕ್ಕ ಕನಸಿನಾಗೆ ಬರ್ತಾಳೆ." ಹುಚ್ಚಕ್ಕ ಅವ್ವನ ಅಕ್ಕ, ನನಗೆ ದೊಡ್ಡವ್ವ. ಅವ್ವನ ತವರು ಮೊಳಕಾಲ್ಮುರು. ಆ ಕಡೆಯವರ ಬಾಯಲ್ಲಿ ಕನ್ನಡ ತೆಲುಗು ಎರಡೂ ಒಟ್ಟಿಗೇ ಇರುತ್ತವೆ. ನಾನು ಹುಟ್ಟಿದಾಗಿನಿಂದ ನನ್ನನ್ನು, ಅಪ್ಪಾ ಎನ್ನುವ ಹಾಗೆ, ನಾಯ್ನಾ ಎಂದೇ ಕರೆಯುತ್ತಾಳೆ. ಯುಗಾದಿ ಆಗಲಿ ಅವ್ವ ಎಂದೆ. ಹೋದ ಸಲ ಕೇಳಿದಾಗ ದಸರಾ ಆಗಲಿ ಎಂದಿದ್ದೆ.

ನಾಳೆ: ಪೈಪು ವಾಪಸ್. ಬಾಯ್ಲರ್ ಇನ್ಸ್‌ಪೆಕ್ಟರಿಗೆ ಫೋನು. ಗೋಣಿಚೀಲ. ಮಾರುತೇಶನಿಗೆ ಶಿಫ್ಟು.

ಜನವರಿ 24, ಶುಕ್ರವಾರ

ಬೆಳಿಗ್ಗೆ ಶೂ ಹಾಕಿಕೊಳ್ಳುತ್ತಿದ್ದೆ. ಅವ್ವ ಎದುರು ಕೂತು ನನ್ನ ಪಾದ ನೋಡುತ್ತಿದ್ದಳು.

"ಕಾಲು ನೋಯ್ತಾವಾ ನಾಯ್ನಾ? ನಿನ್ನೆ ಬಿಸ್ಲಾಗೆ ಬಾಳ ನಡೆಸ್ಬಿಟ್ಟೆ ನಿನ್ನ."

"ಎಲ್ಲಿಗವ್ವ?"

"ಎಲ್ಲಿಗೆ ಅಂತಾನೆ ನೋಡು. ಹುಚ್ಚಕ್ಕನ ಮನೇಗೆ. ಮಜ್ಜಿಗೆ ಕೊಟ್ರೆ ಇನ್ನೊಂದೀಟು ಉಪ್ಪು ಹಾಕು ಅಂದ್ಯಲ್ಲ."

ಅಡುಗೆಮನೆಯಿಂದ ಹೆಂಡತಿ ಆಶಾ ಸುಮ್ಮನಿರಿ ಎಂದು ಕಣ್ಸನ್ನೆ ಮಾಡಿದಳು. ಅವ್ವನಿಗೆ ಎಪ್ಪತ್ತಾರು. ಒಲೆ ಆರಿಸುವುದು ಮರೆಯುತ್ತಾಳೆ, ಮೊಮ್ಮಗಳ ಹೆಸರು ಒಮ್ಮೊಮ್ಮೆ ತಪ್ಪುತ್ತದೆ. ಹೂಂ ಅವ್ವ ಎಂದು ಹೊರಟೆ. ನಿನ್ನೆ ಗುರುವಾರ. ಗುರುವಾರ ನನಗೆ ವಾರದ ರಜೆ, ಹೆಸರಿಗೆ. ರಜೆಯ ದಿನ ಮನೆಯಲ್ಲಿ ಇದ್ದು ಎರಡು ವರ್ಷವಾಯಿತು.

ನಾಳೆ: ಇನ್ಸ್‌ಪೆಕ್ಟರು ಹನ್ನೊಂದಕ್ಕೆ. ಶೇಂಗಾ ಲೋಡು ಎರಡು, ತಳಕಿನಿಂದ. ಮಗಳು ರಶ್ಮಿತಾಳ ಶಾಲೆಯ ಸಭೆ. ಆಶಾ ಹೋಗಲಿ.

ಜನವರಿ 31, ಶುಕ್ರವಾರ

ಆಶಾ ಡಬ್ಬಿಯೊಂದನ್ನು ತೆಗೆದು ತೋರಿಸಿದಳು. ಬೀಜ ತೆಗೆಯದ ಹೊಸ ಹುಣಸೆಹಣ್ಣು, ಹಳೆ ಸೀರೆಯ ತುಂಡಿನಲ್ಲಿ ಗಂಟು. "ನೀವು ತಂದ್ರಾ?" ನಾನು ತಂದಿಲ್ಲ. ಅವಳೂ ತಂದಿಲ್ಲ. ಅವ್ವನನ್ನು ಕೇಳಿದರೆ, "ನಿನ್ನೆ ಅಕ್ಕ ಕಟ್ಟಿಕೊಟ್ಟಳಲ್ಲ. ನೀನೇ ಹೊತ್ಕಂಡು ಬಂದೆ," ಎಂದಳು.

ಮೊಳಕಾಲ್ಮುರಿಗೆ ಫೋನು ಮಾಡಿದೆ. ದೊಡ್ಡವ್ವನ ಸೊಸೆ ರೇಣುಕಮ್ಮ ಎತ್ತಿದಳು.

"ಹೂಂ ಕಣಣ್ಣ, ನಿನ್ನೇನೂ ಬಂದಿದ್ರಂತಲ್ಲ. ನಾನು ಕೂಲಿಗೆ ಹೋಗಿದ್ದೆ. ಬರೋದ್ರಾಗೆ ನೀವು ಹೋಗ್ಬಿಟ್ಟಿದ್ರಿ. ಎರಡು ಲೋಟ ಇದ್ವು ಕಟ್ಟೆ ಮ್ಯಾಲೆ."

"ನಾನು ಬಂದಿಲ್ಲಮ್ಮ."

"ಅಯ್ಯೋ, ಎರಡೂ ಖಾಲಿಯಾಗಿದ್ವು ಕಣಣ್ಣ," ಎಂದು ನಕ್ಕು ಫೋನನ್ನು ದೊಡ್ಡವ್ವನಿಗೆ ಕೊಟ್ಟಳು.

ದೊಡ್ಡವ್ವನಿಗೆ ಎರಡೂ ಕಣ್ಣಿಗೆ ಪೊರೆ. ಬೆಳಕು ಕತ್ತಲೆ ಬಿಟ್ಟರೆ ಬೇರೇನೂ ಕಾಣದು. "ಯಾಕಲೇ," ಎಂದಳು ಹುಚ್ಚಕ್ಕ, "ಪಕ್ಕದಾಗೇ ಕುಂತು ಒಂದು ಮಾತೂ ಆಡ್ಲಿಲ್ಲ ನೀನು. ದೊಡ್ಡವ್ವನ ಮ್ಯಾಲೆ ಸಿಟ್ಟಾ?"

ಏನು ಹೇಳಿದೆನೋ ನೆನಪಿಲ್ಲ. ಫೋನಿಟ್ಟಾಗ ನಾಗೇಂದ್ರಪ್ಪನವರ ಮೂರು ಮಿಸ್ ಕಾಲ್ ಇದ್ದವು.

ನಾಳೆ: ಫಿಲ್ಟರು ಬಟ್ಟೆ. ವೆಲ್ಡಿಂಗ್‌ನವನು. ಎದುರು ಮನೆಯ ಶಾರದಮ್ಮನನ್ನು ಕೇಳಬೇಕು, ಅವ್ವ ಹಗಲಲ್ಲಿ ಏನು ಮಾಡುತ್ತಾಳೆ ಎಂದು.

ಫೆಬ್ರವರಿ 7, ಶುಕ್ರವಾರ

ಶಾರದಮ್ಮನನ್ನು ಇವತ್ತು ಕೇಳಿದೆ. ಒಂದು ವಾರ ಆಗೇ ಹೋಯಿತು. ಆಶಾ ಪಾಠ ಹೇಳಲು ಶಾಲೆಗೆ ಹೋದ ಮೇಲೆ ನಮ್ಮ ಮನೆಯ ಮೇಲೆ ಕಣ್ಣಿಟ್ಟಿರುವವರು ಅವರೇ.

"ಗುರುವಾರ ಗುರುವಾರ ನೀನೇ ಕರ್ಕಂಡು ಹೋಗ್ತೀಯಲ್ಲಪ್ಪ," ಎಂದರು. "ತಲೆ ಬಾಚ್ಕಂಡು, ಒಳ್ಳೆ ಸೀರೆ ಉಟ್ಕಂಡು ಗೇಟಿನಾಗೆ ನಿಂತಿರ್ತಾರೆ. ಮಗ ಮೂಲೇಗೆ ಕಾಯ್ತಾನೆ ಬರ್ತೀನಿ ಅಂತಾರೆ. ಮಾತಾಡ್ಕಂತ ಹೋಗ್ತಾರೆ."

"ಯಾರ ಜತೆ ಮಾತಾಡ್ತಾರೆ? ನೀವು ನೋಡಿದ್ರಾ?"

 "ನೀನೇ ಅಂದ್ಕಂಡಿದ್ದೆನಪ್ಪ," ಎಂದರು. ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಹಗಲು ಹೊತ್ತು ಅವರು ಬಾಗಿಲು ಹಾಕಿದ್ದನ್ನು ನಾನು ಕಂಡಿಲ್ಲ.

ಅವ್ವ ಸ್ನಾನಕ್ಕೆ ಹೋದಾಗ ಅವಳ ಎಲೆಯಡಿಕೆ ಸಂಚಿ ಬಿಚ್ಚಿದೆ. ಒಳಗೆ ಆಧಾರ್ ಕಾರ್ಡು, ಒಣಗಿದ ಎಲೆ, ಬಸ್ ಟಿಕೆಟ್ಟುಗಳು. ಚಳ್ಳಕೆರೆಯಿಂದ ಮೊಳಕಾಲ್ಮುರಿಗೆ, ಮೊಳಕಾಲ್ಮುರಿನಿಂದ ಚಳ್ಳಕೆರೆಗೆ. ಎಲ್ಲ ಜೋಡಿ ಜೋಡಿ. ಒಂದು ಹೆಂಗಸರಿಗೆ ಕೊಡುವ ಉಚಿತ ಟಿಕೆಟ್ಟು. ಇನ್ನೊಂದು ದುಡ್ಡು ಕೊಟ್ಟು ತೆಗೆದ ಗಂಡಸಿನ ಟಿಕೆಟ್ಟು. ಜನವರಿ 16, 23, 30, ಫೆಬ್ರವರಿ 6.

ಆ ದಿನಗಳಂದು ನಾನು ಮಿಲ್ಲಿನಲ್ಲಿದ್ದೆ. ಖಂಡಿತ ಇದ್ದೆ. ಆದರೆ ಜನವರಿ 23ರಂದು ಮಿಲ್ಲಿನಲ್ಲಿ ಏನು ಮಾಡಿದೆ ಎಂದು ಯೋಚಿಸುತ್ತ ಕೂತರೆ ಒಂದೂ ನೆನಪಿಗೆ ಬರಲಿಲ್ಲ. ಯಾರ ಜೊತೆ ಊಟ ಮಾಡಿದೆ, ಏನು ತಿಂದೆ, ಮಳೆ ಮೋಡವಿತ್ತೋ ಬಿಸಿಲಿತ್ತೋ. ಈ ಪುಸ್ತಕ ತೆರೆದು ನೋಡಿದೆ. ಇದರಲ್ಲಿ ಇರುವುದೆಲ್ಲ 'ನಾಳೆ'.

ಫೆಬ್ರವರಿ 8, ಶನಿವಾರ

ಹಾಜರಿ ಯಂತ್ರದಲ್ಲಿ ನೋಡಿದೆ. ನಾಲ್ಕು ಗುರುವಾರವೂ ನನ್ನ ಹೆಬ್ಬೆರಳಿದೆ. ಒಳಗೆ 8.40, 8.35, 8.41, 8.38. ಸಮಾಧಾನವಾಯಿತು.

ನಾನು ಎಲ್ಲಿದ್ದೆ ಎಂದು ಯಂತ್ರ ಹೇಳಬೇಕಾಯಿತು.

ಫೆಬ್ರವರಿ 10, ಸೋಮವಾರ

ಮಾರುತೇಶನಿಗೆ ಹೇಳಿ ಬಸ್‌ಸ್ಟ್ಯಾಂಡಿಗೆ ಹೋದೆ. ಮೊಳಕಾಲ್ಮುರಿನ ಹತ್ತೂಕಾಲರ ಗಾಡಿ ನಿಂತಿತ್ತು. ಕಂಡಕ್ಟರ ಹೆಸರು ಮಹಾಂತೇಶ, ನನಗಿಂತ ಚಿಕ್ಕವನು. ಅವ್ವನ ಹೆಸರು ಯರ್ರಮ್ಮ ಎಂದು ಹೇಳಿ, ಗುರುವಾರ ಬರುವ ಮುದುಕಿ ಎಂದೆ. ಟೀ ಲೋಟ ಕೆಳಗಿಟ್ಟ.

"ನೀವಾ ಆ ಮಗ?"

ನಾನು ಉತ್ತರ ಹೇಳುವ ಮೊದಲೇ ಎಲ್ಲ ಹೇಳಿದ. ಬಾಗಿಲಿನಿಂದ ಮೂರನೇ ಸೀಟು. ಕಿಟಕಿ ಪಕ್ಕ ಜಾಗ ಬಿಟ್ಟು ಈಚೆ ಕೂರುತ್ತಾಳೆ. ಅಲ್ಲಿ ಯಾರನ್ನೂ ಕೂರಗೊಡುವುದಿಲ್ಲ. ಮಗನಿಗೆ ಅಂತ ಟಿಕೆಟ್ಟು ತೆಗೆಯುತ್ತಾಳೆ. ದಾರಿಯುದ್ದಕ್ಕೂ ಕಿಟಕಿ ಕಡೆ ತಿರುಗಿ ಮಾತಾಡುತ್ತಾಳೆ.

"ಮೊದ್ಲಿಗೆ ಜನ ಜಗಳಕ್ಕೆ ಬಂದ್ರು ಸಾ. ಟಿಕೆಟ್ ತಗಂಡವ್ರೆ, ನಾನೇನು ಅನ್ಲಿ? ಒಂದಿನ ನಾನೇ, ಈ ಟಿಕೆಟ್ ಬ್ಯಾಡಜ್ಜಿ, ಇಲ್ಲಿ ಯಾರೂ ಇಲ್ಲ ಅಂದೆ. ತಳಕಿನಿಂದ ಮೊಳಕಾಲ್ಮುರು ತನಕ ಅತ್ರು. ಆವತ್ತಿಂದ ಹರಿದು ಕೊಡ್ತೀನಿ." ಆಮೇಲೆ ದನಿ ತಗ್ಗಿಸಿದ. "ತಪ್ಪು ತಿಳ್ಕಬ್ಯಾಡ್ರಿ. ಈಗ ನಂಗೂ ಅಭ್ಯಾಸ ಆಗೈತೆ. ತಲೆ ಎಣಿಸುವಾಗ ನಿಮ್ಮನ್ನೂ ಎಣಿಸ್ತೀನಿ. ಎಣಿಸ್ಲಿಲ್ಲ ಅಂದ್ರೆ ಲೆಕ್ಕ ತಪ್ಪಿದಂಗೆ ಅನ್ಸುತ್ತೆ."

ಮನೆಗೆ ಬಂದು ಆಶಾಗೆ ಹೇಳಿದೆ. ಮುದುಕಿ ಒಬ್ಬಳೇ ಐವತ್ತು ಕಿಲೋಮೀಟರು ಹೋಗಿ ಬಂದಿದ್ದಾಳೆ ಎಂದು ಬೈದೆ, ಯಾರನ್ನು ಬೈದೆನೋ ತಿಳಿಯದು. ಆಶಾ ಬಟ್ಟೆ ಮಡಚುತ್ತಿದ್ದಳು.

"ಯಾರು ಕರ್ಕಂಡು ಹೋಗ್ತಾರೆ ಅಂತ ಹತ್ತು ದಿನದಿಂದ ಹುಡುಕ್ತಾ ಇದೀರಿ. ಯಾಕೆ ಹೋಗ್ತಾರೆ ಅಂತ ಒಂದಿನ ಕೇಳಿದ್ರಾ?"

ರಶ್ಮಿತಾ ಹೋಂವರ್ಕಿನಿಂದ ತಲೆಯೆತ್ತದೆ ಹೇಳಿದಳು, "ಅಜ್ಜಿ ಹೇಳೋ ಅಪ್ಪ ಒಳ್ಳೇವನು. ನನ್ನೂ ಒಂದಿನ ಕರ್ಕಂಡು ಹೋಗ್ತಾನಂತೆ."

ಒಂಬತ್ತು ವರ್ಷದ ಮಗು ಹೇಳಿದ ಮಾತು. ನಾನು ಯುಗಾದಿ ಆದಮೇಲೆ, ದಸರಾ ಆದಮೇಲೆ ಎಂದು ಮುಂದಕ್ಕೆ ಹಾಕಿದ್ದೆಲ್ಲ ಅವ್ವನಿಗೆ ನಿನ್ನೆ ಆಗಿಹೋಗಿದೆ. ಯಾರೋ ಅದನ್ನು ಮಾಡಿ ಮುಗಿಸುತ್ತಿದ್ದಾರೆ.

ಫೆಬ್ರವರಿ 13, ಗುರುವಾರ

ಹೆಸರಿಗಿದ್ದ ವಾರದ ರಜೆಯನ್ನು ನಿಜವಾಗಿ ತೆಗೆದುಕೊಂಡೆ. ಇವತ್ತಿನದನ್ನು ಬಿಡದೆ ಬರೆಯಬೇಕು.

ಅವ್ವ ಗೇಟು ದಾಟುವುದನ್ನು ನೋಡಿ, ಅವಳಿಗಿಂತ ಮೊದಲು ಸ್ಟ್ಯಾಂಡು ತಲುಪಿ, ಮೂರನೇ ಸೀಟಿನಲ್ಲಿ ಕಿಟಕಿ ಪಕ್ಕ ಕೂತೆ. ಅವ್ವ ಹತ್ತಿದಳು. ಅವಳ ಮುಖದಲ್ಲಿ ಇದ್ದ ಬೆಳಕನ್ನು ನಾನು ಮನೆಯಲ್ಲಿ ನೋಡಿಲ್ಲ. ನನ್ನನ್ನು ಕಂಡದ್ದೇ ಅದು ಆರಿತು.

"ಏಳ್ರಿ, ಅದು ನನ್ ಮಗನ ಜಾಗ. ನೀರು ತರಾಕೆ ಹೋಗ್ಯಾನೆ."

"ಅವ್ವಾ, ನಾನೇ ಅವ್ವ. ಗೋವರ್ಧನ."

ಅವ್ವ ನನ್ನನ್ನು ಚೆನ್ನಾಗಿಯೇ ನೋಡಿದಳು. ಗುರುತು ಸಿಗದವರ ನೋಟವಲ್ಲ ಅದು. ಗುರುತಿತ್ತು.

"ನೀವು ಮಿಲ್ಲಿನವ್ರಲ್ವಾ," ಎಂದಳು. "ನಮ್ಮನೇಗೆ ಮಲಗಾಕೆ ಬರೋರು."

ಮಹಾಂತೇಶ ಬೇರೆ ಕಡೆ ಮುಖ ತಿರುಗಿಸಿದ. ನಾನು ಎದ್ದೆ. ಅವ್ವ ಸೆರಗಿನಿಂದ ಸೀಟು ಒರೆಸಿ, ಈಚೆ ಕೂತು, ಕಿಟಕಿ ಕಡೆ ತಿರುಗಿ, "ಬಂದ್ಯಾ ನಾಯ್ನಾ? ಬಿಸ್ಲು ಹೊಡೀತೈತೆ, ಕಿಟ್ಕಿ ಹಾಕ್ಕ," ಎಂದಳು. ತಾನೇ ಕೈಚಾಚಿ ಕಿಟಕಿಯ ಗಾಜನ್ನು ಅರ್ಧ ಎಳೆದಳು.

ಕಂಬಿ ಹಿಡಿದು ನಿಂತೆ. ತಳಕಿನಲ್ಲಿ ಜನ ತುಂಬಿದರು. ಗಂಟು ಹೊತ್ತ ಹೆಂಗಸೊಬ್ಬಳು ಆ ಖಾಲಿ ಸೀಟಿನತ್ತ ಬಂದಳು, ನೋಡಿದಳು, "ಇಲ್ಲಿ ಯಾರೋ ಅವ್ರೆ" ಎನ್ನುವಂತೆ ಮುಂದೆ ಹೋದಳು. ಅವ್ವ ಆಗ ಏನೂ ಹೇಳಿರಲಿಲ್ಲ. ನಾನು ನೋಡುತ್ತಲೇ ಇದ್ದೆ, ಅವ್ವ ಬಾಯಿ ಬಿಟ್ಟಿರಲಿಲ್ಲ.

ಮೊಳಕಾಲ್ಮುರಿನಲ್ಲಿ ಇಳಿದು, ಗುಡ್ಡದ ಬುಡದ ಓಣಿಯಲ್ಲಿ ಅವ್ವ ನಡೆದಳು. ಎಡಕ್ಕೆ ಒಬ್ಬರಿಗೆ ಆಗುವಷ್ಟು ಜಾಗ ಬಿಟ್ಟು ನಡೆಯುತ್ತಿದ್ದಳು. ಮಗ್ಗದ ಸದ್ದು ಬರುವ ಮನೆಯೊಂದರ ಮುಂದೆ ನಿಂತು, ಮದುವೆಗೆ ಮುಂಚೆ ಇಲ್ಲಿ ಕೂತು ರೇಷ್ಮೆ ನೂಲು ಸುತ್ತುತ್ತಿದ್ದುದನ್ನು, ಮಧ್ಯಾಹ್ನಕ್ಕೆ ಬೆರಳು ಬಣ್ಣವಾಗುತ್ತಿದ್ದುದನ್ನು ಅವನಿಗೆ ಹೇಳಿದಳು. ನನಗೆ ಇದೊಂದೂ ಗೊತ್ತಿರಲಿಲ್ಲ. ಮೂರು ಮಾರು ಹಿಂದೆ ನಿಂತು, ಬೇರೆಯವನಿಗೆ ಹೇಳುತ್ತಿದ್ದುದನ್ನು ಕದ್ದು ಕೇಳಿದೆ. ಒಮ್ಮೆ ಹಿಂದೆ ತಿರುಗಿ ನನ್ನನ್ನು ತೋರಿಸಿ, "ಮಿಲ್ಲಿನವ್ರಿಗೂ ಇತ್ಲಾಗೆ ಏನೋ ಕೆಲ್ಸ ಐತಂತೆ" ಎಂದು ಎಡಗಡೆಗೆ ಪಿಸುಗುಟ್ಟಿದಳು.

ಹುಚ್ಚಕ್ಕ ಅಂದಾಜಿನ ಮೇಲೆ ಎರಡು ಲೋಟ ಮಜ್ಜಿಗೆ ತಂದಿಟ್ಟಳು. ಅವ್ವ ತನ್ನದನ್ನು ಕುಡಿದಳು. ಮಾತಿನ ಮಧ್ಯೆ ಪಕ್ಕದ ಲೋಟವನ್ನೂ ಎತ್ತಿ ಕುಡಿದಿಟ್ಟಳು. ಅಷ್ಟೇ ಆಗಿತ್ತು. ಹದಿನೈದು ದಿನದಿಂದ ನನ್ನ ಎದೆಯ ಮೇಲಿದ್ದ ಎರಡು ಖಾಲಿ ಲೋಟಗಳ ವಿಷಯ ಅಷ್ಟೇ. ಜೋರಾಗಿ ಉಸಿರು ಬಿಟ್ಟೆ.

ಉಸಿರಿನ ಸದ್ದಿಗೆ ದೊಡ್ಡವ್ವ ಈ ಕಡೆ ತಿರುಗಿದಳು. ತಡಕಾಡಿ ನನ್ನ ಕೈ ಹಿಡಿದಳು. ಅಂಗೈ ಸವರಿದಳು, ಬೆರಳು ಒಂದೊಂದಾಗಿ ಮುಟ್ಟಿದಳು.

"ಇವತ್ತು ಕೈ ಬೆಚ್ಚಗೈತಲ್ಲೋ," ಎಂದಳು.

"ಮುಂಚೆ?"

"ಮುಂಚೆ ತಣ್ಣಗಿರ್ತಿತ್ತು. ಬಾವಿ ಒಳಗ್ಳ ಕಲ್ಲು ಮುಟ್ಟಿದಂಗೆ."

ಮಜ್ಜಿಗೆ ಲೋಟ ಮುಟ್ಟಿರಬೇಕು. ಅವ್ವನ ಕೈಯನ್ನೇ ನನ್ನದು ಅಂದುಕೊಂಡಿರಬೇಕು. ವಾಪಸ್ಸು ಬರುವಾಗ ಹಾನಗಲ್ ಕ್ರಾಸಿನವರೆಗೆ ಇದನ್ನೇ ಹೇಳಿಕೊಂಡು ಬಂದೆ.

ಫೆಬ್ರವರಿ 14, ಶುಕ್ರವಾರ

ಬೆಳಿಗ್ಗೆ ಅವ್ವ ಚಾ ಕೊಟ್ಟಳು. "ತಗಳ್ರಿ" ಎಂದಳು. ನಾಯ್ನಾ ಎಂದು ನನ್ನನ್ನು ಕೊನೆಯ ಸಲ ಕರೆದದ್ದು ಯಾವಾಗ? ಹಿಂದಿನ ಪುಟ ತಿರುವಿ ನೋಡಿದೆ. ಜನವರಿ 24ರದು ಬರೆದಿದ್ದೇನೆ. ಆಮೇಲಿನದು ಬರೆದಿಲ್ಲ. ಅಥವಾ ಕರೆದೇ ಇಲ್ಲ.

ನಾಳೆ: ಬಾಯ್ಲರ್ ಪರೀಕ್ಷೆ ದಿನ ಗೊತ್ತು ಮಾಡುವುದು.

ಫೆಬ್ರವರಿ 20, ಗುರುವಾರ

ನನಗೆ ಹೋಗಲಾಗಲಿಲ್ಲ. ಗೇಟಿಗೆ ಬೀಗ ಹಾಕಿ ಕೀಲಿಯನ್ನು ಶಾರದಮ್ಮನ ಕೈಲಿ ಕೊಟ್ಟು ಬಂದೆವು. ಸಂಜೆ ಅವರು ಹೇಳಿದ್ದು: ಅವ್ವ ಒಳ್ಳೆ ಸೀರೆ ಉಟ್ಟು ಹತ್ತು ಗಂಟೆಯಿಂದ ಮೂರರವರೆಗೆ ಗೇಟಿನ ಸರಳು ಹಿಡಿದು ನಿಂತೇ ಇದ್ದಳಂತೆ. ಊಟ ಮಾಡಲಿಲ್ಲ. ನಡುವೆ ಒಮ್ಮೆ ರಸ್ತೆಯ ಮೂಲೆ ಕಡೆ ನೋಡಿ, "ನೀನು ಹೋಗಿ ನೆಳ್ಳಾಗೆ ನಿಂತ್ಕ ನಾಯ್ನಾ, ಬಿಡ್ತಾರೆ," ಎಂದು ಕೂಗಿ ಹೇಳಿದಳಂತೆ.

"ಇನ್ಮ್ಯಾಲೆ ಈ ಕೀಲಿ ನನಗೆ ಬ್ಯಾಡಪ್ಪ," ಎಂದು ಶಾರದಮ್ಮ ಅದನ್ನು ನನ್ನ ಕೈಗೆ ಹಾಕಿದರು.

ಫೆಬ್ರವರಿ 22, ಶನಿವಾರ

ಬಾಯ್ಲರ್ ಪರೀಕ್ಷೆ. ಹನ್ನೊಂದರಿಂದ ಫೋನು ಸದ್ದಿಲ್ಲದೆ ಇಟ್ಟಿದ್ದೆ. ಒಂದೂಕಾಲಿಗೆ ತೆಗೆದು ನೋಡಿದರೆ ಆಶಾಳ ಹದಿನೇಳು ಕರೆ. ಒಂದು ಗೊತ್ತಿಲ್ಲದ ನಂಬರಿನದು.

ಶನಿವಾರ ರಶ್ಮಿತಾಗೆ ಅರ್ಧ ದಿನ ಶಾಲೆ. ಹನ್ನೊಂದೂವರೆಗೆ ಮನೆಗೆ ಬರುತ್ತಾಳೆ. ಶಾರದಮ್ಮ ಮದುವೆಗೆ ಹೋಗಿದ್ದರು. ಆಶಾ ಬರುವಷ್ಟರಲ್ಲಿ ಗೇಟು ತೆರೆದಿತ್ತು. ಶಾಲೆಯ ಚೀಲ ಕಟ್ಟೆಯ ಮೇಲೆ. ಮಗುವೂ ಇಲ್ಲ, ಅವ್ವನೂ ಇಲ್ಲ.

ಗೊತ್ತಿಲ್ಲದ ನಂಬರು ಮಹಾಂತೇಶನದು. ಆವತ್ತು ಬಸ್ಸಿನಲ್ಲಿ ನನ್ನ ನಂಬರು ಅವನಿಗೆ ಕೊಟ್ಟಿದ್ದೆ. ಇವತ್ತು ಅವನು ಬೇರೆ ಗಾಡಿಯಲ್ಲಿದ್ದ. ಎದುರಿನಿಂದ ಬರುವಾಗ, ತಳಕಿನಿಂದ ಮುಂದೆ, ಊರೂ ಇಲ್ಲದ ಸ್ಟಾಪೂ ಇಲ್ಲದ ಕಡೆ ಒಂದು ಮುದುಕಿ, ಒಂದು ಹುಡುಗಿ ರಸ್ತೆ ಬಿಟ್ಟು ಹೊಲದೊಳಕ್ಕೆ ನಡೆದು ಹೋಗುತ್ತಿದ್ದುದನ್ನು ಕಂಡನಂತೆ. ನಿಲ್ಲಿಸುವ ಹಾಗಿರಲಿಲ್ಲ, ಗಾಡಿ ತುಂಬ ಜನ.

ಕೈಯಲ್ಲಿದ್ದ ಹಾಳೆಯನ್ನು ಮಾರುತೇಶನಿಗೆ ಕೊಟ್ಟು ಬೈಕು ಹತ್ತಿದೆ. ನಾಗೇಂದ್ರಪ್ಪನವರು ಏನೋ ಕೂಗಿದರು. ನಡು ಮಧ್ಯಾಹ್ನ, ಶೇಂಗಾ ಕಿತ್ತ ಬೋಳು ಹೊಲಗಳು. ದೂರದಲ್ಲಿ ಗಾಳಿಯಂತ್ರಗಳು ನಿಂತಿದ್ದವು, ಒಂದೂ ತಿರುಗುತ್ತಿರಲಿಲ್ಲ. ಅಷ್ಟು ಬೆಳಕಿನಲ್ಲಿ ನನಗೆ ಹೆದರಿಕೆಯಾಯಿತು. ಎಲ್ಲವೂ ಕಾಣುತ್ತಿತ್ತು, ಅವರಿಬ್ಬರು ಮಾತ್ರ ಕಾಣುತ್ತಿರಲಿಲ್ಲ.

ಮೂರು ಗಂಟೆ ಹೊತ್ತಿಗೆ ಸಿಕ್ಕರು. ರಸ್ತೆಯಿಂದ ಎರಡು ಹೊಲ ಆಚೆ, ಹಾಳು ಬಾವಿಯೊಂದರ ಪಕ್ಕ ಜಾಲಿಯ ನೆರಳಿನಲ್ಲಿ. ಬಾವಿಗೆ ಕಟ್ಟೆಯಿಲ್ಲ. ರಶ್ಮಿತಾ ಅಂಚಿನಿಂದ ಎರಡು ಮೊಳದಲ್ಲಿ ಕೂತು ಕಲ್ಲು ಎಸೆಯುತ್ತಿದ್ದಳು. ತುಟಿ ಒಣಗಿ ಬಿರಿದಿತ್ತು. ಅವ್ವ ಬಾವಿಯ ಕಡೆ ಬೆನ್ನು ಮಾಡಿ ಕಣ್ಣುಮುಚ್ಚಿದ್ದಳು.

ಮಗುವನ್ನು ಎತ್ತಿಕೊಂಡೆ. ಎತ್ತಿಕೊಂಡು ಎಷ್ಟು ವರ್ಷವಾಗಿತ್ತೋ, ಭಾರ ಗೊತ್ತಾಗದೆ ಮುಗ್ಗರಿಸಿದೆ.

"ಇಲ್ಲಿಗೆ ಯಾಕಮ್ಮ ಬಂದ್ರಿ?"

"ಅಪ್ಪ ಇಲ್ಲೇ ಇಳೀರಿ ಅಂದ್ನಂತೆ. ನೀರು ಸೇದಿ ಕೊಡ್ತಾನಂತೆ."

"ನೀನು ನೋಡಿದ್ಯಾ ಅವನ್ನ?"

ರಶ್ಮಿತಾ ನನ್ನ ಕತ್ತಿನ ಹತ್ತಿರ ಮುಖ ಇಟ್ಟುಕೊಂಡೇ ಹೇಳಿದಳು, "ಇಲ್ಲ. ಆದ್ರೆ ನೀನು ಮಿಲ್ಲಲ್ಲಿ ಇರ್ತೀಯ ಅಂತಾರೆ, ಅದೂ ನಂಗೆ ಕಾಣ್ಸಲ್ವಲ್ಲ. ಹಂಗೇ ಇರ್ತಾನೆ ಅಂದ್ಕಂಡೆ."

ಅವ್ವ ಕಣ್ಣು ಬಿಟ್ಟು ನನ್ನನ್ನು ನೋಡಿದಳು. "ಮಿಲ್ಲಿನವ್ರು ಬಂದ್ರು," ಎಂದಳು, ಯಾರಿಗೋ. ಬಾವಿಯ ಕಡೆ ನಾನು ನೋಡಲಿಲ್ಲ.

ಫೆಬ್ರವರಿ 24, ಸೋಮವಾರ

ನಾಗೇಂದ್ರಪ್ಪನವರ ಮುಂದೆ ಕೂತು ಹೇಳಿದೆ. ಸಂಜೆ ಐದರ ಮೇಲೆ ಇರಲಾರೆ, ಗುರುವಾರ ಬರಲಾರೆ.

"ಯುಗಾದಿ ತನಕ ತಡ್ಕಳಯ್ಯ. ಒಂದು ತಿಂಗಳು."

"ಇಪ್ಪತ್ತು ವರ್ಷದಿಂದ ಅದನ್ನೇ ಅಂದ್ಕಂತಾ ಬಂದೀನಿ ಸಾ."

ಕೆಟ್ಟವರಲ್ಲ ಅವರು. ಕನ್ನಡಕ ತೆಗೆದು ಒರೆಸಿದರು. ಹೊಸ ಘಟಕವನ್ನು ಮಾರುತೇಶನಿಗೆ ಒಪ್ಪಿಸಿದರು. ನನಗೆ ಗೇಟಿನ ಬಳಿಯ ತೂಕದ ಮನೆ. ಲಾರಿ ತೂಗುವುದು, ಚೀಟಿ ಕೊಡುವುದು, ಎಂಟರಿಂದ ನಾಲ್ಕು. ಸಂಬಳ ಇಳಿಯುತ್ತದೆ. ಎದ್ದು ಬರುವಾಗ ಹೇಳಿದರು:

"ಬೇಜಾರು ಮಾಡ್ಕಬ್ಯಾಡ. ಈಗೊಂದು ವರ್ಷದಿಂದ ನೀನು ಇಲ್ಲೇ ಇದ್ರೂ ಇಲ್ದಂಗೇ ಇದ್ದೆ. ಎದುರಿಗೆ ಕುಂತು ಮಾತಾಡ್ಸಿದ್ರೂ ಬ್ಯಾರೆ ಯಾರೋ ಹೂಂ ಅಂದಂಗೆ ಇರ್ತಿತ್ತು. ಎಲ್ಲಿಗೆ ಹೋಗ್ತಿದ್ದೆ ನೀನು?"



ಫೆಬ್ರವರಿ 27, ಗುರುವಾರ

ಅವ್ವನ ಹಿಂದೆ ಬಸ್ಸು ಹತ್ತಿದೆ. ಕಂಬಿ ಹಿಡಿದು ನಿಂತೆ. ಮಹಾಂತೇಶ ಮೂರು ಟಿಕೆಟ್ಟು ಕೊಟ್ಟ. ಒಂದು ಅವ್ವನದು, ಒಂದು ಕಿಟಕಿ ಪಕ್ಕದವನದು, ಒಂದು ನನ್ನದು.

ಮಾರ್ಚ್ 2, ಭಾನುವಾರ

ರಶ್ಮಿತಾಗೆ ಸೈಕಲ್ ಕಲಿಸಿದೆ. ಮೊಣಕಾಲು ತರಚಿಕೊಂಡಳು, ನಾನೂ. ಮಧ್ಯಾಹ್ನ ಆಶಾ ಮುದ್ದೆ, ಹುರುಳಿ ಸಾರು ಮಾಡಿದ್ದಳು. ನಾಲ್ಕು ಜನ ಒಟ್ಟಿಗೆ ಕೂತೆವು. ಅವ್ವ ಐದನೇ ತಟ್ಟೆ ಹಾಕಿದಳು. ಯಾರೂ ಬೇಡ ಎನ್ನಲಿಲ್ಲ. ಆಶಾ ಅದಕ್ಕೂ ಒಂದು ತುತ್ತು ಬಡಿಸಿದಳು.

ಮಾರ್ಚ್ 6, ಗುರುವಾರ

ಇವತ್ತು ಅವ್ವನ ಹಿಂದಿನ ಸೀಟು ಸಿಕ್ಕಿತು. ಅವಳು ಕಿಟಕಿಗೆ ಹೇಳುವುದು ಪೂರ್ತಿ ಕೇಳಿಸುತ್ತದೆ. ಅಪ್ಪನ ಮಾತು ಬಂತು. ಅಪ್ಪ ತಿಪ್ಪಯ್ಯ ಉಳ್ಳಾರ್ತಿ ಕಾವಲಿನ ಹುಲ್ಲುಗಾವಲಿನಲ್ಲಿ ಕುರಿ ಮೇಯಿಸುತ್ತಿದ್ದವನು. ಮಳೆ ಬಿದ್ದ ವಾರಕ್ಕೆ ಹುಲ್ಲು ಮೊಣಕಾಲು ಮುಟ್ಟುತ್ತಿತ್ತಂತೆ. ನಾನು ಅದರೊಳಗೆ ಮಲಗಿ ಕಾಣದೆ ಹೋಗುತ್ತಿದ್ದೆನಂತೆ, ಅಪ್ಪ ಹೆಸರು ಹಿಡಿದು ಕೂಗಿಕೊಂಡು ತಿರುಗುತ್ತಿದ್ದನಂತೆ.

"ಕೂಗಿದ್ರೆ ಓ ಅಂತಿರ್ಲಿಲ್ಲ ನೀನು. ಸುಮ್ನೆ ಮಲಗಿರ್ತಿದ್ದೆ. ಬದುಕಿದ್ಯೋ ಇಲ್ವೋ ಅಂತ ನಾನು ಎದೆ ಬಡ್ಕಂತಿದ್ದೆ."

ಅವ್ವ ಮಾತು ನಿಲ್ಲಿಸಿ ಕಾದಳು. ಅವನೇನು ಹೇಳಿದನೋ. ಬಸ್ಸಿನ ಸದ್ದಿನಲ್ಲಿ ನಾನೂ ಮುಂದಕ್ಕೆ ಬಾಗಿ ಕಿವಿಗೊಟ್ಟೆ.

ಮಾರ್ಚ್ 13, ಗುರುವಾರ

ಕಿಟಕಿಯ ಗಾಜಿನಲ್ಲಿ ಅವ್ವನ ಮುಖ ಕಾಣುತ್ತಿತ್ತು, ಅದರ ಹಿಂದೆ ನನ್ನದು. ಎರಡರ ನಡುವೆ ಇನ್ನೊಂದು ಹೆಗಲು ಇದ್ದ ಹಾಗೆ ಕಂಡಿತು. ಗಾಜು ಒಡೆದ ಗೆರೆ. ಗೆರೆಯೇ ಇರಬೇಕು. ಹೆದರಿಕೆಯಾಗಲಿಲ್ಲ. ಅವನಿಗೆ ನನ್ನ ಮೇಲೆ ಹಗೆಯಿದ್ದರೆ ಇಷ್ಟು ದಿನ ಅವ್ವನನ್ನು ಇಷ್ಟು ಜೋಪಾನವಾಗಿ ಮನೆಗೆ ತಂದು ಬಿಡುತ್ತಿರಲಿಲ್ಲ.

ಇಳಿಯುವಾಗ ಅವ್ವನ ಚಪ್ಪಲಿ ಮೆಟ್ಟಿಲಿಗೆ ಸಿಕ್ಕಿತು. ತೋಳು ಹಿಡಿದೆ. ಕೈ ಕೊಡವಲಿಲ್ಲ.

ಮಾರ್ಚ್ 20, ಗುರುವಾರ

ಹುಚ್ಚಕ್ಕ ಮೂರು ಲೋಟ ಇಟ್ಟಳು. ನನ್ನ ಲೋಟವನ್ನು ಅವ್ವ ಕೈಯಾರೆ ನನ್ನ ಕಡೆ ಸರಿಸಿದಳು. "ಮಿಲ್ಲಿನವ್ರಿಗೆ ಉಪ್ಪು ಬ್ಯಾಡಕ್ಕ, ಅವ್ರಿಗೆ ಬಿಪಿ," ಎಂದಳು.

ಅದನ್ನು ಯಾರು ಹೇಳಿದರು ಅವಳಿಗೆ?

ಮಾರ್ಚ್ 27, ಗುರುವಾರ

ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಬ್ಬಕ್ಕೆ ಹೊರಟ ಜನ. ಮೂರನೇ ಸೀಟಿನಲ್ಲಿ ಕಿಟಕಿ ಪಕ್ಕ ಮಾತ್ರ ಖಾಲಿ. ಚೀಲ, ಮಕ್ಕಳು, ಬೆವರಿನ ನಡುವೆ ಆ ಒಂದು ಸೀಟಿನ ಮೇಲೆ ಯಾರ ಮೊಣಕೈಯೂ ತಾಗದೆ ಇತ್ತು. ನಾನು ಅವ್ವನ ಹತ್ತಿರ ಒಂದು ಕಾಲ ಮೇಲೆ ನಿಂತಿದ್ದೆ.

ತಳಕು ದಾಟಿ ಸ್ವಲ್ಪ ದೂರಕ್ಕೆ ಅವ್ವ ಕಿಟಕಿ ಕಡೆ ತಿರುಗಿ ಬಹಳ ಹೊತ್ತು ಏನೋ ಕೇಳಿಸಿಕೊಂಡಳು. ಆಗಾಗ ಹೂಂ ಎಂದಳು. ಕೊನೆಗೆ, "ಆಗ್ಲಿ ನಾಯ್ನಾ, ಏನು ಮಾಡಾಕಾಗುತ್ತೆ," ಎಂದು ಕಣ್ಣೊರೆಸಿಕೊಂಡು ಮಹಾಂತೇಶನನ್ನು ಕರೆದಳು.

"ಇಲ್ಲಿ ನಿಲ್ಸಪ್ಪ. ಇಳಿಯೋರವ್ರೆ."

"ಇಲ್ಲಿ ಬ್ಯಾಡಜ್ಜಿ, ಇಲ್ಲಿ ಏನೂ ಇಲ್ಲ," ಎಂದ ಅವನು ಗಾಬರಿಯಾಗಿ, ನನ್ನ ಮುಖ ನೋಡುತ್ತ.

"ನಾನಲ್ಲ. ನನ್ ಮಗ. ಕೆಲ್ಸ ಐತಂತೆ, ಹೋಗ್ತಾನಂತೆ."

ನಾನು ಹೂಂ ಎಂದು ತಲೆಯಾಡಿಸಿದೆ. ಮಹಾಂತೇಶ ಸೀಟಿ ಊದಿದ. ಬಸ್ಸು ನಿಂತಿತು. ಸುತ್ತ ಬೋಳು ಹೊಲ, ಹಗಲು ಹನ್ನೊಂದರ ಬಿಸಿಲು. ಅವ್ವ ಮೊಣಕಾಲು ಓರೆ ಮಾಡಿ ದಾರಿ ಬಿಟ್ಟಳು. ಬಾಗಿಲ ಬಳಿ ನಿಂತಿದ್ದವರು ಯಾಕೆಂದು ಕೇಳದೆ ಆಚೀಚೆ ಸರಿದರು. ಗಂಡಸೊಬ್ಬ ಆ ಜನರ ನಡುವೆ ನುಸುಳಿ ಮೆಟ್ಟಿಲು ಇಳಿಯಲು ಬೇಕಾಗುವಷ್ಟು ಹೊತ್ತು ಮಹಾಂತೇಶ ಕಾದ. ಆಮೇಲೆ ಎರಡು ಸಲ ಊದಿದ.

ಕಿಟಕಿಯಿಂದ ಹಿಂದಕ್ಕೆ ನೋಡಬೇಕೆನಿಸಿತು. ರಸ್ತೆಯಲ್ಲಿ ಯಾರಾದರೂ ನಿಂತಿದ್ದಾರೋ, ಚಳ್ಳಕೆರೆ ಕಡೆ ನಡೆಯುತ್ತಿದ್ದಾರೋ. ನೋಡಲಿಲ್ಲ.

ಅವ್ವ ನನ್ನ ಅಂಗಿಯ ತೋಳು ಹಿಡಿದು ಎಳೆದಳು. "ಎಷ್ಟು ದಿನದಿಂದ ನಿಂತ್ಕಂಡೇ ಬರ್ತೀರಿ. ಕುಂತ್ಕಳ್ರಿ ಈಗ."

ಅವಳನ್ನು ದಾಟಿ ಕಿಟಕಿಯ ಪಕ್ಕ ಕೂತೆ.  ಆಮೇಲೆ ಅವ್ವ ಕೇಳಿದಳು, "ನಿಮ್ಮ ಹೆಸ್ರೇನು?"

"ಗೋವರ್ಧನ."

"ಒಳ್ಳೆ ಹೆಸ್ರು. ಯಾರಿಟ್ಟಿದ್ದು?"

"ನಮ್ಮವ್ವ."

ಅವ್ವ ಖುಷಿಯಾಗಿ ತಲೆದೂಗಿದಳು. "ಚೆನ್ನಾಗಿ ಇಟ್ಟಾಳೆ ಅಂತ ಆಯಮ್ಮಂಗೆ ಹೇಳ್ರಿ."

ಆ ಮಾತನ್ನು ಆ ಕ್ಷಣವೇ ಹೇಳಿದೆ. ಜನರೆಲ್ಲ ಕೇಳುವಂತೆ, ಅಲ್ಲೇ, ಅವಳ ಕಡೆ ತಿರುಗಿ ಹೇಳಿದೆ.